ಬಲಗಡೆಯ ಕಿಟಕಿ

ಟ್ರೇಲರ್ ಮಾರಿಬಿಡುವ ಮಾತನ್ನು ಮೈರನ್ ಎತ್ತಿದ್ದು ಆಗಸ್ಟ್ ಕೊನೆಯಲ್ಲಿ, ನೆಟ್ಟಿ ಎಳೆಸೌತೆಕಾಯಿಯನ್ನು ಉಪ್ಪುನೀರಿಗೆ ಹಾಕುತ್ತಿದ್ದ ದಿನ. ಅವಳ ಕೈಗಳೆರಡೂ ಮೊಣಕೈವರೆಗೆ ಒದ್ದೆಯಾಗಿದ್ದವು. ಅಡುಗೆಮನೆಯ ತುಂಬ ಸಬ್ಬಸಿಗೆ, ಬೆಳ್ಳುಳ್ಳಿಯ ವಾಸನೆ. ಅವನು ಬಾಗಿಲಿಗೆ ಒರಗಿ ನಿಂತು, ನಾಳೆ ಗಾಳಿ ಬೀಸಬಹುದು ಎನ್ನುವಷ್ಟೇ ಹಗುರವಾಗಿ ಹೇಳಿದ:

“ಈ ಸಲ ಒಂದು ಹೋಗಿ ಬಂದುಬಿಡೋಣ. ಆಮೇಲೆ ಟ್ರೇಲರ್ ಕೊಟ್ಟುಬಿಡ್ತೀನಿ. ಪಕ್ಕದ ಮನೆ ವಾಲ್ಟರನ ತಮ್ಮನ ಮಗ ಕೇಳ್ತಾ ಇದ್ದಾನೆ. ಅಕ್ಟೋಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶನಿವಾರ ಬಂದು ಎಳ್ಕೊಂಡು ಹೋಗ್ತಾನಂತೆ.”

“ಯಾಕೆ?”

“ಮಂಡಿ ನೋವು. ಡೀಸೆಲ್ ರೇಟು. ವಯಸ್ಸು. ಇನ್ನೂ ಬೇಕಾ?”

ಮೂರು ಕಾರಣ ಒಟ್ಟಿಗೆ ಕೊಡುವ ಗಂಡಸು ನಾಲ್ಕನೆಯದನ್ನು ಬಚ್ಚಿಟ್ಟಿರುತ್ತಾನೆ ಎಂದು ನೆಟ್ಟಿಗೆ ಅನ್ನಿಸಿತು. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಅಷ್ಟಾದರೂ ತಿಳಿಯುತ್ತದೆ. ಆದರೂ ಕೇಳಲಿಲ್ಲ. ಜಾಡಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿ ಮಾಡಿದಳು. ಸಂಕಟವಾದದ್ದು ಟ್ರೇಲರಿಗಾಗಿ ಅಲ್ಲ. ಗಾಲಿಯ ಮೇಲಿನ ಆ ಪುಟ್ಟ ಮನೆಯ ತಗಡು ಸೋರುತ್ತಿತ್ತು, ಒಲೆಯ ಒಂದು ಬರ್ನರ್ ಹತ್ತುತ್ತಲೇ ಇರಲಿಲ್ಲ. ಅವಳ ಕೈಬಿಟ್ಟು ಹೋಗುತ್ತಿದ್ದುದು ಕಿಟಕಿ.

ಮೂವತ್ತು ವರ್ಷಗಳಿಂದ, ಪ್ರತಿ ಸೆಪ್ಟೆಂಬರಿನಲ್ಲಿ ಶಾಲೆ ತೆರೆದು ಪಾರ್ಕುಗಳಲ್ಲಿ ಮಕ್ಕಳ ಗಲಾಟೆ ಅಡಗಿದ ಮೇಲೆ, ಇಬ್ಬರೂ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ತಮ್ಮ ಸಸ್ಕಾಚೆವನ್ ಪ್ರಾಂತ್ಯದ ಬಯಲುಗಳಿಗೆ ಹೊರಡುತ್ತಿದ್ದರು. ಒಂದು ಪಾರ್ಕಿನಿಂದ ಇನ್ನೊಂದಕ್ಕೆ, ಸರೋವರದಿಂದ ಗುಡ್ಡಕ್ಕೆ, ಗುಡ್ಡದಿಂದ ಹುಲ್ಲುಗಾವಲಿಗೆ. ಸ್ಟೀರಿಂಗ್ ಎಡಕ್ಕೆ, ಅದು ಮೈರನ್‌ನದು. ಅವನು ಜೀವಮಾನವೆಲ್ಲ ಊರಿನ ಸುತ್ತಲ ಜಲ್ಲಿ ರಸ್ತೆಗಳ ಮೇಲೆ ಗ್ರೇಡರ್ ಯಂತ್ರ ಓಡಿಸಿ ಗುಂಡಿ ಮುಚ್ಚಿದವನು. ದಾರವಿಟ್ಟು ಎಳೆದ ಹಾಗೆ ನೇರ ಬರುತ್ತಿತ್ತು ಅವನ ಕೆಲಸ. ಬಲಗಡೆಯ ಸೀಟು, ಬಲಗಡೆಯ ಕಿಟಕಿ ನೆಟ್ಟಿಯದು.

ಅವಳು ಊರಿನ ಅಂಚೆ ಕಚೇರಿ ನೋಡಿಕೊಂಡವಳು. ಬೆಳಗಾದರೆ ಕಿಂಡಿಯ ಆಚೆ ಯಾರಾದರೂ, ಸಂಜೆಯಾದರೆ ಮಕ್ಕಳು, ಅತ್ತೆ ಇರುವವರೆಗೆ ಅತ್ತೆ. ಎಲ್ಲರಿಗೂ ಅವಳಿಂದ ಏನಾದರೂ ಬೇಕಿತ್ತು. ಓಡುವ ಗಾಡಿಯ ಬಲಗಡೆಯ ಸೀಟಿನಲ್ಲಿ ಮಾತ್ರ ಯಾರಿಗೂ ಏನೂ ಬೇಕಿರಲಿಲ್ಲ. ಬಯಲು ತನ್ನಷ್ಟಕ್ಕೆ ತೇಲಿಹೋಗುತ್ತಿತ್ತು. ಕೊಯ್ಲಾದ ಗೋಧಿ ಹೊಲದ ಮಾಸಲು ಬಂಗಾರ, ಚನ್ನಂಗಿ ಹೊಲದ ಬೂದು, ಹಳದಿ ತಿರುಗಿದ ಪಾಪ್ಲರ್ ಮರಗಳ ಗುಂಪು, ಉಪ್ಪುಗಟ್ಟಿದ ಕೆರೆಯ ಬಿಳಿ ಅಂಚು. ನಡುವೆ ಎಲ್ಲೋ ಒಂದು ಬಿಟ್ಟುಹೋದ ಮನೆ, ಬಾಗಿಲಿಲ್ಲದ್ದು. ನೆಟ್ಟಿ ಅದರೊಳಗೆ ಹೊಕ್ಕುಬಿಡುತ್ತಿದ್ದಳು. ಗಾಡಿ ಅದನ್ನು ದಾಟುವಷ್ಟು ಹೊತ್ತು, ಅರ್ಧ ಮೈಲು, ಒಂದು ಇಡೀ ಬಾಳು ಬಾಳುತ್ತಿದ್ದಳು. ಒಂದು ಮನೆಯಲ್ಲಿ ಮದುವೆಯೇ ಆಗದೆ ಜೇನು ಸಾಕಿಕೊಂಡಿದ್ದಳು. ಇನ್ನೊಂದರಲ್ಲಿ ಒಂಬತ್ತು ಹೆತ್ತು ನಾಲ್ಕನ್ನು ಹಿತ್ತಿಲಲ್ಲೇ ಮಣ್ಣು ಮಾಡಿದ್ದಳು. ಮತ್ತೊಂದರಲ್ಲಿ ಪರಿಚಯವೇ ಇಲ್ಲದ ಗಂಡಸೊಬ್ಬ ಅವಳಿಗಾಗಿ ಒಲೆ ಹಚ್ಚಿ ಕಾಯುತ್ತಿದ್ದ. ಮೈರನ್‌ಗೆ ಇದನ್ನೆಲ್ಲ ಅವಳು ಎಂದೂ ಹೇಳಿರಲಿಲ್ಲ. ಹೇಳದೆ ಇದ್ದುದರಿಂದಲೇ ಅದು ಅವಳದಾಗಿ ಉಳಿದಿತ್ತು.

ಸೆಪ್ಟೆಂಬರ್ ಮುಗಿಯುತ್ತಿದ್ದ ಹಾಗೆ ಹೊರಟರು. ಮೊದಲ ಎರಡು ಪಾರ್ಕುಗಳಲ್ಲಿ ದಿನಗಳು ನಿದ್ದೆಯಂತೆ ಕಳೆದವು. ಗುಡ್ ಸ್ಪಿರಿಟ್ ಸರೋವರದಲ್ಲಿ ಮರಳದಿಬ್ಬದ ಮೇಲೆ ಕೂತು ಕ್ರೌಂಚ ಪಕ್ಷಿಗಳು ಎತ್ತರದಲ್ಲಿ ಸುತ್ತುತ್ತ ದಕ್ಷಿಣಕ್ಕೆ ಹೋಗುವುದನ್ನು ನೋಡಿದರು. ಅವುಗಳ ಕೂಗು ಮಾತ್ರ ಕೆಳಗೆ ಇಳಿದು ಬರುತ್ತಿತ್ತು, ಯಾರೋ ದೂರದ ಕೋಣೆಯಲ್ಲಿ ಕಟ್ಟಿಗೆಯ ಗಾಲಿ ತಿರುಗಿಸಿದ ಹಾಗೆ. ಸಸ್ಕಾಚೆವನ್ ಲ್ಯಾಂಡಿಂಗಿನಲ್ಲಿ ನದಿಯ ಮೇಲೆ ಬೆಳಗಿನ ಹಬೆ ಎದ್ದು, ಟ್ರೇಲರಿನ ಮೆಟ್ಟಿಲಿಳಿದರೆ ಮೋಡದೊಳಗೆ ಕಾಲಿಟ್ಟ ಹಾಗಿತ್ತು. ಆಲೂಗಡ್ಡೆ ತುಂಬಿದ ಪಿರೋಹಿ ಕಡುಬನ್ನು ಈರುಳ್ಳಿಯ ಜೊತೆ ಬೆಣ್ಣೆಯಲ್ಲಿ ಹುರಿದು, ಮೇಲೆ ಹುಳಿಕೆನೆ ಹಾಕಿ, ಕೋಟು ತೊಟ್ಟುಕೊಂಡೇ ಹೊರಗೆ ಕೂತು ತಿಂದರು.

ಆದರೆ ಗಾಡಿಯಲ್ಲಿ ಮೈರನ್ ಅವಳ ಕಡೆ ತಿರುಗುತ್ತಿರಲಿಲ್ಲ. ವಸಂತದಿಂದಲೇ ಹೀಗಾಗಿತ್ತು. ಅವಳು ಮಾತಾಡಿದರೆ ಉತ್ತರ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಸೇಬು ಹೆಚ್ಚಿ ಅವನ ಪಕ್ಕಕ್ಕೆ ಹಿಡಿದರೆ ಕಾಣದವನ ಹಾಗೆ ಕೂತಿರುತ್ತಿದ್ದ. “ತಗೋ” ಎಂದ ಮೇಲೆ ಕೈ ತಡಕಾಡಿ ತೆಗೆದುಕೊಳ್ಳುತ್ತಿದ್ದ. ಅರವತ್ತೆಂಟಕ್ಕೆ ಗಂಡನ ಕಣ್ಣಿಗೆ ಸಾಕಾಗಿ ಹೋಗುವುದು ಹೊಸ ವಿಷಯವೇನಲ್ಲ ಎಂದು ಅವಳು ತನಗೇ ಹೇಳಿಕೊಂಡಿದ್ದಳು. ಹೇಳಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದಳು. ಹೇಗೂ ಅವಳಿಗೆ ಅದೊಂದಿತ್ತಲ್ಲ. ಅದಕ್ಕೂ ಈಗ ಲೆಕ್ಕದ ದಿನ.

ಮೂರನೆಯ ಪಾರ್ಕು ಸೈಪ್ರಸ್ ಹಿಲ್ಸ್. ಬಯಲಿನ ನಡುವೆ ಒಮ್ಮೆಲೇ ಎದ್ದ ಗುಡ್ಡ, ಅದರ ಮೇಲೆ ಕಂಬದಂಥ ಪೈನ್ ಮರಗಳು. ಮಧ್ಯಾಹ್ನ ಮೂರಕ್ಕೆ ತಲುಪಿದರೆ, ಅರ್ಧ ಪಾರ್ಕಿಗೆ ಸರಪಳಿ ಹಾಕಿದ್ದರು. ಚಳಿಗಾಲಕ್ಕೆ ನೀರಿನ ಕೊಳವೆ ಮುಚ್ಚಿದ್ದರು. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವ ಜಾಗಗಳೆಲ್ಲ ಸರಪಳಿಯ ಆಚೆ ಇದ್ದವು. ಮೈರನ್ ಎರಡು ಸುತ್ತು ಹಾಕಿದ.

“ನಲವತ್ತೊಂದನೇ ಜಾಗ ಖಾಲಿ ಇದೆಯಲ್ಲ. ಸರೋವರ ಕಾಣುತ್ತೆ,” ಎಂದಳು ನೆಟ್ಟಿ.

“ಅದಕ್ಕೆ ಬಲಕ್ಕೆ ಹಿಂದೆ ತಗೋಬೇಕು.”

“ತಗೋ. ಮೂವತ್ತು ವರ್ಷದಿಂದ ತಗೋತಿದೀಯಲ್ಲ.”

ಅವನು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತ ಕೂತ. ಆಮೇಲೆ, “ಇಳಿ,” ಎಂದ.

ಇದು ಅವರ ಪದ್ಧತಿ. ಬಯಲಿನ ಪಾರ್ಕುಗಳಲ್ಲಿ ಟ್ರೇಲರ್ ಎಳೆಯುವ ಎಲ್ಲ ಗಂಡಹೆಂಡಿರ ಪದ್ಧತಿಯೂ ಹೌದು. ಹೆಂಡತಿ ಇಳಿದು ಹಿಂದೆ ನಿಲ್ಲಬೇಕು, ಕೈ ಬೀಸಿ ದಾರಿ ತೋರಬೇಕು. ಗಂಡ ಕನ್ನಡಿಯಲ್ಲಿ ಅವಳನ್ನು ನೋಡುತ್ತ ಹಿಂದೆ ತರಬೇಕು. ಸುತ್ತಲಿನವರು ಮಡಿಸುಕುರ್ಚಿಯಲ್ಲಿ ಕೂತು ಅದನ್ನು ನೋಡಬೇಕು. ಅದಕ್ಕಿಂತ ಒಳ್ಳೆಯ ಮನರಂಜನೆ ಅಲ್ಲಿ ಬೇರೆ ಇಲ್ಲ. ಎದುರಿನ ಜಾಗದಲ್ಲಿ ಮೆಡಿಸಿನ್ ಹ್ಯಾಟ್ ಎಂಬ ಊರಿನಿಂದ ಬಂದಿದ್ದ ಹೆಂಗಸೊಬ್ಬಳು, ಮಡಿಲಲ್ಲಿ ನಾಯಿಮರಿ, ಕೈಯಲ್ಲಿ ಕಾಫಿ ಲೋಟ, ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಳು.

ನೆಟ್ಟಿ ಬಲಗಡೆಯ ಕನ್ನಡಿಗೆ ಕಾಣುವ ಹಾಗೆ ನಿಂತಳು. ಕನ್ನಡಿಯಲ್ಲಿ ಮೈರನ್‌ನ ಮುಖ ಅವಳಿಗೂ ಕಾಣುತ್ತಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಕೈ ಬೀಸಿದಳು, ಬಾ, ಬಾ. ಟ್ರೇಲರ್ ಸರಿಯಾಗಿಯೇ ಬಂತು. ಇನ್ನು ಸ್ವಲ್ಪ ಎಡಕ್ಕೆ ಎಂದು ಕೈ ತೋರಿದಳು. ಎಡಕ್ಕೆ ಬರಲಿಲ್ಲ. ಸಾಕು, ನಿಲ್ಲು ಎಂದು ಎರಡೂ ಅಂಗೈ ಎತ್ತಿದಳು. ನಿಲ್ಲಲಿಲ್ಲ. ಅವನ ಮುಖ ಕನ್ನಡಿಯೊಳಗೆ ಶಾಂತವಾಗಿ ಅವಳನ್ನೇ ನೋಡುತ್ತ, ಅವಳ ಮೇಲೇ ಬರುತ್ತಿತ್ತು. ಕನಸಿನಲ್ಲಿ ನಮ್ಮವರೇ ನಮ್ಮ ಗುರುತು ಸಿಗದೆ ದಾಟಿಹೋಗುತ್ತಾರಲ್ಲ, ಹಾಗೆ.

“ಮೈರನ್!”

ಅವಳು ಪಕ್ಕಕ್ಕೆ ಹಾರಿದಳು. ಟ್ರೇಲರಿನ ಮೂಲೆ ಮರದ ಊಟದ ಮೇಜಿಗೆ ಬಡಿಯಿತು. ಮೇಜಿನ ಹಲಗೆ ಲಟ್ಟನೆ ಸದ್ದು ಮಾಡಿತು, ಟ್ರೇಲರಿನ ಹಿಂದಿನ ಕೆಂಪು ದೀಪ ಪುಡಿಯಾಯಿತು. ನಾಯಿಮರಿ ಬೊಗಳಿತು.

ಮೈರನ್ ಓಡಿಬಂದ. ಮಂಡಿ ನೋವಿನವನು ಅಷ್ಟು ಬೇಗ ಬಂದದ್ದು ಹೇಗೋ. “ಎಲ್ಲಿ ನಿಂತಿದ್ದೆ ನೀನು?”

“ಎಲ್ಲಿ ನಿಲ್ಲಬೇಕೋ ಅಲ್ಲೇ! ಎರಡೂ ಕೈ ಎತ್ತಿದೀನಿ, ನೋಡ್ತಾ ನೋಡ್ತಾ ಬರ್ತಿದೀಯಲ್ಲ, ಮುದುಕ!”

“ಅಯ್ಯೋ ಬಿಡಮ್ಮ,” ಎಂದಳು ಎದುರಿನ ಹೆಂಗಸು ಕೂತಲ್ಲಿಂದಲೇ. “ನಮ್ಮೆಜಮಾನ್ರು ಹೋದ ವರ್ಷ ಕಕ್ಕಸನ್ನೇ ಕೆಡವಿದ್ರು. ಒಳಗೆ ಜನ ಇದ್ರು.”

ಇನ್ನೊಂದು ದಿನವಾಗಿದ್ದರೆ ಮೈರನ್ ಬಾಯಿತುಂಬ ನಗುತ್ತಿದ್ದ. ಈಗ ಅವನು ನೆಟ್ಟಿಯ ತೋಳು, ಹೆಗಲು ಮುಟ್ಟಿ ನೋಡುತ್ತಿದ್ದ. ಮುಟ್ಟುವಾಗ ತಲೆಯನ್ನು ಹಕ್ಕಿಯ ಹಾಗೆ ಓರೆ ಮಾಡಿ, ಎಡಗಣ್ಣು ಮುಂದೆ ತಂದಿದ್ದ. ನೆಟ್ಟಿ ಆ ಓರೆಯನ್ನು ಕಂಡಳು. ಒಮ್ಮೆಲೇ ಎಲ್ಲವೂ ಸರಿದು ಜಾಗಕ್ಕೆ ಕೂತಿತು.

“ಎಷ್ಟು ದಿನದಿಂದ?” ಎಂದಳು.

ಅವನು ಮುರಿದ ಹಲಗೆಯ ಮೇಲೆ ಕೂತ. “ಏಪ್ರಿಲ್.”

“ಡಾಕ್ಟರಿಗೆ ತೋರಿಸಿದೀಯಾ?”

“ಯಾರ್ಕ್‌ಟನ್ನಿಗೆ ಹೋಗಿದ್ದೆ. ಟೈರ್ ಹಾಕಿಸ್ಕೊಂಡು ಬರ್ತೀನಿ ಅಂದಿದ್ದೆನಲ್ಲ, ಅವತ್ತು. ಬಲಗಣ್ಣು ಹೆಚ್ಚುಕಡಿಮೆ ಹೋಗಿದೆಯಂತೆ. ಬೆಳಕು ಕಾಣುತ್ತೆ. ಉಳಿದಿದ್ದೆಲ್ಲ ಹೊಗೆ. ಎಡಗಣ್ಣು ಚೆನ್ನಾಗಿದೆ. ಬರೀ ಕಾರು ಓಡಿಸ್ಬಹುದು ಅಂದ್ರು. ಆದ್ರೆ ಈ ಬಾಲ ಕಟ್ಕೊಂಡು...” ಟ್ರೇಲರಿನ ಕಡೆ ಗದ್ದ ಎತ್ತಿದ. “ಆ ಬಲಗಡೆ ಕನ್ನಡಿ ಅಷ್ಟು ದೂರದಲ್ಲಿದೆ. ಅದರಲ್ಲಿ ಮರ ಯಾವುದು, ನೀನು ಯಾವುದು ಗೊತ್ತಾಗಲ್ಲ ನೆಟ್ಟಿ. ಇವತ್ತು ಮರಾನೇ ನೀನು ಅಂದ್ಕೊಂಡಿದ್ದೆ.”

“ಹಾಗಾದ್ರೆ ಗಾಡೀಲಿ ನನ್ನ ಕಡೆ ತಿರುಗದೇ ಇದ್ದಿದ್ದು?”

“ತಿರುಗಿದ್ರೆ ರಸ್ತೆ ಹೋಗುತ್ತೆ. ತಿರುಗದಿದ್ರೆ ನೀನಿಲ್ಲ. ಬರೀ ದನಿ.” ತಲೆ ಎತ್ತಿ ಅವಳನ್ನು ನೋಡಿದ. “ನೀನೇನು ಅಂದ್ಕೊಂಡಿದ್ದೆ?”

“ಏನೂ ಇಲ್ಲ,” ಎಂದಳು ನೆಟ್ಟಿ. ಅವಳಿಗೆ ಅಳು ಬಂತು, ಜೊತೆಗೇ ಅವನ ತಲೆಗೆ ಎರಡು ಬಿಗಿಯಬೇಕು ಎನ್ನಿಸಿತು. “ಆರು ತಿಂಗಳು, ಮೈರನ್. ಆರು ತಿಂಗಳು ಬಾಯಿಬಿಡದೆ ಇದ್ದೆಯಲ್ಲ.”

“ನಾಳೆ ಬೆಳಿಗ್ಗೆ ನೇರ ಮನೆಗೆ ಹೋಗೋಣ. ನಿಧಾನಕ್ಕೆ. ಶನಿವಾರ ಆ ಹುಡುಗ ಬರ್ತಾನೆ, ಮುಗೀತು. ಉಳಿದಿರೋ ಕೊನೇದು, ಹುಲ್ಲುಗಾವಲಿನ ಪಾರ್ಕು, ಈ ಸಲ ಬೇಡ.”

ಕಾಫಿ ಕಾಯಿಸಿಕೊಟ್ಟು ನೆಟ್ಟಿ ಒಬ್ಬಳೇ ಸರೋವರದ ಸುತ್ತ ಹೋದಳು. ಬಿಸಿಲು ಓರೆಯಾಗಿತ್ತು. ಪಾಪ್ಲರ್ ಎಲೆಗಳು ಗಾಳಿಯಿಲ್ಲದೆಯೂ ನಡುಗುತ್ತಿದ್ದವು. ನೀರಿನಲ್ಲಿ ಅದೇ ಹಳದಿ ಮರಗಳು ತಲೆಕೆಳಗಾಗಿ, ಇನ್ನಷ್ಟು ಸ್ಪಷ್ಟವಾಗಿ ನಿಂತಿದ್ದವು. ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ.

ಉಪಾಯ ಕಣ್ಣೆದುರಿಗೇ ಇತ್ತು. ಅವಳು ಓಡಿಸಬಹುದು. ಕಾರು ದಿನವೂ ಓಡಿಸುತ್ತಿದ್ದಳು. ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ ಕೊಯ್ಲಿನ ಕಾಲದಲ್ಲಿ ಅಪ್ಪನ ಗೋಧಿ ಲಾರಿಯನ್ನೇ ಓಡಿಸಿದ್ದಳು, ಬೆನ್ನಿಗೆ ದಿಂಬು ಕೊಟ್ಟುಕೊಂಡು. ಇದನ್ನು ಹೇಳಿದ ತಕ್ಷಣ ಟ್ರೇಲರ್ ಉಳಿಯುತ್ತದೆ, ಶರತ್ಕಾಲಗಳು ಉಳಿಯುತ್ತವೆ. ಆದರೆ ಓಡಿಸುವವಳು ರಸ್ತೆ ನೋಡಬೇಕು. ಬಿಟ್ಟುಹೋದ ಮನೆಗಳೊಳಗೆ ಹೋಗುವಂತಿಲ್ಲ. ಟ್ರೇಲರ್ ಮಾರಿದರೂ ಕಿಟಕಿ ಹೋಗುತ್ತದೆ, ಉಳಿಸಿದರೂ ಕಿಟಕಿ ಹೋಗುತ್ತದೆ.

ಗಂಡನ ಅರ್ಧ ನೋಟ ಹೋಗಿರುವಾಗ ತಾನು ಒಂದು ಸೀಟಿಗಾಗಿ ದುಃಖಪಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ದುಃಖ ಕಡಿಮೆಯಾಗಲಿಲ್ಲ. ಹೆಂಗಸರು ಬಿಟ್ಟುಕೊಡುವುದರ ಬಗ್ಗೆ ಜನ ಮಾತಾಡುತ್ತಾರೆ: ಓದು, ಊರು, ಹೆಸರು. ಹೊರಗಿನವರಿಗೆ ಕಾಣದಂಥ, ಹೆಸರೇ ಇಲ್ಲದ ಒಂದು ಮೂಲೆಯನ್ನು ಬಿಟ್ಟುಕೊಡುವುದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಒಂದು ಸುತ್ತು ಮುಗಿದು ಟ್ರೇಲರ್ ಕಾಣಿಸಿತು. ಅವಳು ನಿಲ್ಲದೆ ಎರಡನೆಯ ಸುತ್ತು ಹೊರಟಳು. ಈ ಸುತ್ತನ್ನು ಅವಳು ತನಗೇ ಕೊಟ್ಟುಕೊಂಡಳು. ಏನನ್ನೂ ತೀರ್ಮಾನಿಸದೆ, ಬರೀ ಪಕ್ಕಕ್ಕೆ ನೋಡುತ್ತ ನಡೆದಳು.

ಹಿಂದಿರುಗಿದಾಗ ಮೈರನ್ ಕೆಂಪು ದೀಪಕ್ಕೆ ಟೇಪು ಸುತ್ತುತ್ತಿದ್ದ.

“ಬೀಗದಕೈ ಕೊಡು,” ಎಂದಳು.

“ಯಾಕೆ?”

“ಕಲೀತೀನಿ.”

“ಇದು ನಿನ್ನ ಅಂಚೆ ಚೀಲ ಅಲ್ಲ ಕಣೇ. ಏಳು ಮೀಟರ್ ಉದ್ದ ಇದೆ.”

“ನೀನು ಮರಾನ ಹೆಂಡತಿ ಅಂದ್ಕೊಂಡು ಓಡಿಸಿದೀಯ. ಅದಕ್ಕಿಂತ ಕೆಟ್ಟದಾಗಿ ಓಡಿಸೋಕೆ ನಂಗೆ ಬರಲ್ಲ. ಕೊಡು.”

ಎದುರಿನದೊಂದು ಬಿಟ್ಟರೆ ಸುತ್ತಲ ಜಾಗಗಳೆಲ್ಲ ಖಾಲಿ ಇದ್ದವು. ನೆಟ್ಟಿ ಸೀಟನ್ನು ಮುಂದೆ ಎಳೆದುಕೊಂಡು ಕೂತಳು. ಗಾಡಿಯನ್ನು ರಸ್ತೆಗೆ ತಂದು, ಕನ್ನಡಿ ಸರಿಮಾಡಿಕೊಂಡಳು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಮೈರನ್ ಇಳಿದು ಹಿಂದೆ ಹೋದ. ಕನ್ನಡಿಯಲ್ಲಿ ಅವನು ಸಣ್ಣವನಾಗಿ, ಮುದುಕನಾಗಿ, ಟೋಪಿ ಕಿವಿಯವರೆಗೆ ಎಳೆದುಕೊಂಡು ನಿಂತಿದ್ದ. ಅಲ್ಲಿ ನಿಂತಾಗ ತಾನೂ ಹೀಗೇ ಕಾಣುತ್ತಿದ್ದೆನೇನೋ ಎಂದುಕೊಂಡಳು.

ಅವನು ಬಲಕ್ಕೆ ಎಂದು ಕೈ ಬೀಸಿದ. ನೆಟ್ಟಿ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ ಟ್ರೇಲರಿನ ಬಾಲವನ್ನು ಬಲಕ್ಕೆ ತಂದಳು. ಅವನು ಇನ್ನೂ ಜೋರಾಗಿ ಬೀಸಿದ. ಇನ್ನೂ ಬಲಕ್ಕೆ ತಂದಳು. ಟ್ರೇಲರೂ ಪಿಕಪ್ಪೂ ಮಡಿಸಿದ ಚಾಕುವಿನ ಹಾಗೆ ಒಂದಕ್ಕೊಂದು ಮೂತಿ ತಾಗಿಸಿ ನಿಂತವು.

“ಏನ್ ಮಾಡ್ತಿದೀಯ!” ಮೈರನ್ ಕೂಗಿದ. “ಬಲಕ್ಕೆ ಅಂದ್ರೆ ಬಲಕ್ಕೆ!”

“ಬಲಕ್ಕೇ ತಂದಿದೀನಲ್ಲ! ಬಾಲ ಬಲಕ್ಕಲ್ವಾ ಬಂದಿರೋದು?”

“ಬಾಲ ಯಾರು ಹೇಳಿದ್ರು? ಸ್ಟೀರಿಂಗ್! ನಾನು ತೋರಿಸ್ತಿರೋದು ಸ್ಟೀರಿಂಗ್ ತಿರುಗಿಸೋ ಕಡೆ!”

ನೆಟ್ಟಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಮೂವತ್ತು ವರ್ಷ ನಾನು ತೋರಿಸಿದ್ದು ಬಾಲ ಹೋಗೋ ಕಡೆ.”

“ಗೊತ್ತು.”

“ಗೊತ್ತಾ?”

“ಮೊದಲನೇ ವರ್ಷಾನೇ ಗೊತ್ತಾಯ್ತು. ನೀನು ಬಲ ಅಂದ್ರೆ ಎಡಕ್ಕೆ ತಿರುಗಿಸ್ತಿದ್ದೆ, ಎಡ ಅಂದ್ರೆ ಬಲಕ್ಕೆ. ತಲೆಯೊಳಗೆ ಉಲ್ಟಾ ಮಾಡ್ಕೊಂಡು.”

“ಬಾಯಿಬಿಟ್ಟು ಹೇಳೋದಲ್ವಾ?”

“ಹೇಳಿದ್ರೆ ನೀನು ಮುಖ ಊದಿಸ್ಕೋತಿದ್ದೆ. ತಿರುಗಿಸೋದು ಸುಲಭ.”

ಎದುರಿನ ಹೆಂಗಸು ಕಾಫಿ ಕೆಳಗಿಟ್ಟು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ಮೊದಲು ನಕ್ಕವಳು ಅವಳೇ. ಆಮೇಲೆ ನೆಟ್ಟಿ. ಕೊನೆಗೆ ಮೈರನ್, ಟೋಪಿ ತೆಗೆದು ತೊಡೆಗೆ ಬಡಿಯುತ್ತ.

“ಈಗ ಬಾಲದ ಕಡೇನೇ ತೋರಿಸು, ಗೀದೊ,” ಎಂದಳು ನೆಟ್ಟಿ, ಮೊಮ್ಮಕ್ಕಳು ಅಜ್ಜನನ್ನು ಕರೆಯುವ ಹೆಸರಿನಲ್ಲಿ. “ಉಲ್ಟಾ ಮಾಡ್ಕೊಳ್ಳೋ ಶಕ್ತಿ ನಂಗಿಲ್ಲ.”

ಏಳನೆಯ ಸಲ ಟ್ರೇಲರ್ ಯಾವುದನ್ನೂ ಮುಟ್ಟದೆ ಜಾಗಕ್ಕೆ ಹೋಗಿ ಕೂತಿತು. ಸೊಟ್ಟಗೆ. ಆದರೂ ಕೂತಿತು.

ಬೆಳಿಗ್ಗೆ ಹುಲ್ಲಿನ ಮೇಲೆ ಹಿಮದ ಪುಡಿ ಬಿದ್ದಿತ್ತು. ಮಂಜು ಮರಗಳ ಸೊಂಟದವರೆಗೆ ಇತ್ತು. ಗುಡ್ಡ ಇಳಿಯುವಾಗ ನೆಟ್ಟಿ ಮಾತಾಡಲಿಲ್ಲ; ಹಿಂದಿನ ಭಾರ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ದೂಡುತ್ತಿರುವ ಹಾಗಿತ್ತು. ಬಲಗಡೆಯ ಸೀಟಿನಲ್ಲಿ ಮೈರನ್ ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತ, ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

ಕೆಳಗೆ ರಸ್ತೆ ಹೆದ್ದಾರಿಗೆ ಸೇರುತ್ತಿತ್ತು. ಎಡಕ್ಕೆ ಹೋದರೆ ಉತ್ತರ, ಮನೆ. ಬಲಕ್ಕೆ ಹೋದರೆ ದಕ್ಷಿಣ, ಹುಲ್ಲುಗಾವಲಿನ ಪಾರ್ಕು. ನೆಟ್ಟಿ ಗಾಡಿ ನಿಲ್ಲಿಸಿದಳು.

“ಬಲಕ್ಕೆ ಹೋದ್ರೆ ಶನಿವಾರಕ್ಕೆ ಮನೆ ಸೇರಲ್ಲ,” ಎಂದ ಮೈರನ್.

“ಗೊತ್ತು.”

“ಆ ಹುಡುಗ ಬರ್ತಾನೆ.”

“ಫೋನ್ ಮಾಡು. ಡ್ರೈವರ್ ಸಿಕ್ಕಿದಾಳೆ, ಟ್ರೇಲರ್ ಕೊಡಲ್ಲ ಅನ್ನು.”

ಅವನು ತಲೆ ಓರೆ ಮಾಡಲಿಲ್ಲ. ಮಾಡಬೇಕಾಗಿಯೇ ಇರಲಿಲ್ಲ, ಈಗ ಅವಳು ಅವನ ಒಳ್ಳೆಯ ಕಣ್ಣಿನ ಕಡೆ ಇದ್ದಳು. ಬಹಳ ಹೊತ್ತು ನೋಡಿದ. ಅಷ್ಟು ಹೊತ್ತು ಯಾರಾದರೂ ನೋಡಿ ಎಷ್ಟು ಕಾಲವಾಯಿತೋ. ನೆಟ್ಟಿಯ ಕೆನ್ನೆ ಬಿಸಿಯಾಯಿತು. “ಏನು?” ಎಂದಳು.

“ಏನಿಲ್ಲ. ಕಾಣ್ತಿದೀಯ,” ಎಂದು ಅವನು ಜೇಬಿನಿಂದ ಫೋನ್ ತೆಗೆದ.

ನೆಟ್ಟಿ ಬಲಗಡೆಯ ಕನ್ನಡಿಯ ಮೇಲೆ ಕಣ್ಣಿಟ್ಟು, ಅಗಲವಾಗಿ ಬಳಸಿ, ಬಲಕ್ಕೆ ತಿರುಗಿಸಿದಳು. ಟ್ರೇಲರಿನ ಚಕ್ರ ರಸ್ತೆಯಂಚಿನ ಜಲ್ಲಿಯನ್ನು ಸವರಿ ಮೇಲೆ ಬಂತು.

ಮಂಜು ಹರಿಯಿತು. ಪೈನ್ ಮರಗಳು ಮುಗಿದು ಹುಲ್ಲು ಶುರುವಾಯಿತು, ನೋಡಿದಷ್ಟೂ ಹುಲ್ಲು. ನೆಟ್ಟಿ ರಸ್ತೆ ನೋಡಿದಳು, ಕನ್ನಡಿ ನೋಡಿದಳು, ಮತ್ತೆ ರಸ್ತೆ. ಎಡಕ್ಕೆ ಏನೋ ಹಾದುಹೋಯಿತು, ಮನೆಯೋ ಕಣಜವೋ, ಗೊತ್ತಾಗಲಿಲ್ಲ. ಬಲಗಡೆ ಏನಿತ್ತೋ ಅದೂ ಗೊತ್ತಾಗಲಿಲ್ಲ. ಇಷ್ಟೊಂದು ಹಾದುಹೋಗುತ್ತಿದೆ, ಒಂದೂ ನನ್ನೊಳಗೆ ಬರುತ್ತಿಲ್ಲ ಎಂದುಕೊಂಡಳು. ಇರಲಿ, ಅವನಾದರೂ ನೋಡುತ್ತಾನೆ ಎಂದು ಪಕ್ಕಕ್ಕೆ ಕಣ್ಣು ಹಾಯಿಸಿದಳು.

ಮೈರನ್ ನಿದ್ದೆ ಹೋಗಿದ್ದ. ಬಾಯಿ ತೆರೆದು, ಕೆನ್ನೆಯನ್ನು ಅವಳ ಕಿಟಕಿಯ ಗಾಜಿಗೆ ಒತ್ತಿಕೊಂಡು, ಗಾಜಿನ ಮೇಲೆ ಉಸಿರಿನ ಹಬೆ ಬಿಡುತ್ತ ಮಲಗಿದ್ದ. ಏಪ್ರಿಲ್‌ನಿಂದ ರಾತ್ರಿಗಳಲ್ಲಿ ಎದ್ದು ಕೂರುತ್ತಿದ್ದವನು, ಹಾಳಾದ ಮಂಡಿ ಎನ್ನುತ್ತಿದ್ದವನು. ಆ ಕಿಟಕಿಯನ್ನು ಅವಳು ಕೊಟ್ಟದ್ದು ನಿದ್ದೆ ಮಾಡಲಿಕ್ಕಾ? ನೆಟ್ಟಿಗೆ ಸಿಟ್ಟು ಬಂತು. ಬಂದ ಸಿಟ್ಟು ಎಲ್ಲಿ ನಿಲ್ಲಬೇಕೋ ತಿಳಿಯದೆ ಹೊರಟುಹೋಯಿತು. ಅವನ ತಲೆ ಗಾಜಿಗೆ ಬಡಿಯದ ಹಾಗೆ ವೇಗ ಇಳಿಸಿದಳು.

ಒಂದು ಏರು ಬಂತು. ಏರಿನ ನೆತ್ತಿಯಲ್ಲಿ ರಸ್ತೆ ಆಕಾಶದೊಳಕ್ಕೆ ಹೋಗಿ ಮುಗಿದ ಹಾಗೆ ಕಾಣುತ್ತಿತ್ತು. ಅದರ ಆಚೆ ಇಳಿಯತೊಡಗಿದಾಗ ಚಿಗರಿಗಳು ಕಂಡವು. ಮೂವತ್ತೋ ನಲವತ್ತೋ, ಬಿಳಿ ಹೊಟ್ಟೆಯವು, ರಸ್ತೆಯನ್ನು ಎಡದಿಂದ ಬಲಕ್ಕೆ ದಾಟುತ್ತಿದ್ದವು. ಅವಸರವಿಲ್ಲದೆ, ನೀರು ಹರಿದ ಹಾಗೆ. ನೆಟ್ಟಿ ಮೆಲ್ಲಗೆ ಬ್ರೇಕು ಒತ್ತಿದಳು, ಇನ್ನೂ ಮೆಲ್ಲಗೆ, ಹಿಂದಿನ ಭಾರಕ್ಕೂ ಗೊತ್ತಾಗದ ಹಾಗೆ. ಗಾಡಿ ನಿಂತಿತು. ಎಂಜಿನ್ ಆರಿಸಿದಳು.

ಎದುರಿನ ಇಡೀ ಗಾಜಿನ ತುಂಬ ಅವೇ. ಪಕ್ಕದ ಕಿಟಕಿಯಲ್ಲಿ ಬಯಲು ಯಾವಾಗಲೂ ಅವಳನ್ನು ಬಿಟ್ಟು ಹಿಂದಕ್ಕೆ ಹೋಗುತ್ತಿತ್ತು. ಇದು ಎದುರಿಗೆ ನಿಂತಿತ್ತು. ಒಂದು ಹೆಣ್ಣು ಚಿಗರಿ ರಸ್ತೆಯ ನಡುವೆ ತಡೆದು, ಕತ್ತು ತಿರುಗಿಸಿ, ಕಪ್ಪು ಕಣ್ಣಿನಿಂದ ನೆಟ್ಟಿಯನ್ನು ನೋಡಿತು. ಅವಳು ಸ್ಟೀರಿಂಗ್ ಹಿಡಿದ ಕೈ ಅಲುಗಿಸಲಿಲ್ಲ. ಮೈರನ್‌ನ ಭುಜ ಮುಟ್ಟಿ ಎಬ್ಬಿಸಬಹುದಿತ್ತು, ಕೈಗೆಟುಕುವಷ್ಟೇ ದೂರ. ಎಬ್ಬಿಸಲಿಲ್ಲ. ಆ ಕಣ್ಣಿನ ಹಿಂದಕ್ಕೆ, ಹುಲ್ಲಿನೊಳಕ್ಕೆ, ಮೈ ತುಂಬ ಇಬ್ಬನಿ ಹೊತ್ತುಕೊಂಡು ಅವಳು ಕೂತಲ್ಲಿಂದಲೇ ಸ್ವಲ್ಪ ದೂರ ಓಡಿಹೋಗಿ ಬಂದಳು.

ಕೊನೆಯ ಮರಿ ದಾಟಿ ಬೇಲಿಯಡಿ ನುಸುಳಿದ ಮೇಲೆ ಎಂಜಿನ್ ಹಚ್ಚಿದಳು. ಸದ್ದಿಗೆ ಮೈರನ್ ಕಣ್ಣುಬಿಟ್ಟ.

“ಯಾಕೆ ನಿಲ್ಲಿಸಿದೆ? ಏನಿತ್ತು?”

“ಏನೂ ಇಲ್ಲ,” ಎಂದಳು ನೆಟ್ಟಿ. “ಹುಲ್ಲು. ಮಲಕ್ಕೋ.”